ಅಂಚಿನ ಎರಡು ಗರಿ

ಬುಟ್ಟಿಯ ಹೆಣಿಗೆಯ ಸಂದಿಯಲ್ಲಿ ಒಂದು ಹಸಿರು, ಇಲ್ಲ, ಮತ್ತೆ ಹಸಿರು — ಉಸಿರಾಡುತ್ತಿದೆ, ಸದ್ಯ, ಉಸಿರಾಡುತ್ತಿದೆ, ಅವಳು ಬುಟ್ಟಿಯನ್ನು ಮಡಿಲಿಗೆ ಇನ್ನಷ್ಟು ಒತ್ತಿಕೊಂಡಳು, ಇಷ್ಟೇನಾ ಇದರ ತೂಕ, ಹನ್ನೆರಡು ವರ್ಷ ಮನೆಯ ಮೂಲೆಮೂಲೆಯನ್ನೂ ತುಂಬಿಕೊಂಡಿದ್ದ ಜೀವ, ಎತ್ತಿಕೊಂಡು ಹೊರಟರೆ ಮಡಚಿಟ್ಟ ಮಕ್ಕಳ ಅಂಗಿಯಷ್ಟೂ ತೂಗುವುದಿಲ್ಲ, ಇಷ್ಟು ಹಗುರದ್ದರೊಳಗೆ ಎಷ್ಟು ರಕ್ತ ಇದ್ದೀತು ದೇವರೇ, ಮೂರು ಹನಿ ಮೇಜಿನ ಮೇಲೆ, ಎರಡು ನೆಲದ ಮೇಲೆ, ಒಂದು ಅವಳ ಮುಂಗೈ ಮೇಲೆ ಒಣಗಿ ಕಂದಾಗಿದೆ, ಉಳಿದದ್ದೆಷ್ಟು — ಪಶು ಆಸ್ಪತ್ರೆಯ ಗೋಡೆಯ ಮೇಲೆ ನಾಯಿಯ ಹೊಟ್ಟೆಯೊಳಗಿನ ಚಿತ್ರ, ಹಸುವಿನ ಹಲ್ಲಿನ ಚಿತ್ರ, ಹಕ್ಕಿಯದು ಒಂದೂ ಇಲ್ಲ, ಈ ಡಾಕ್ಟರಿಗೆ ಹಕ್ಕಿ ಗೊತ್ತೋ ಇಲ್ಲವೋ, ಫಿನಾಯಿಲ್ ವಾಸನೆ, ಒದ್ದೆ ನಾಯಿಯ ವಾಸನೆ, ಭಾನುವಾರವೂ ಬಾಗಿಲು ತೆರೆದಿರುತ್ತಾರಲ್ಲ, ಅದೇ ದೊಡ್ಡದು. ವಾರದ ಪ್ರಾರ್ಥನೆ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕಂಡದ್ದು ಅದೇ, ಕತ್ತರಿಸುವ ಮೇಜಿನ ಮೇಲೆ ಹಾಸಿದ ಬಿಳಿ ಬಟ್ಟೆ, ಅದರ ಮೇಲೆ ಮೂರು ಕೆಂಪು, ಗುಂಡಿ ಹಚ್ಚಲು ಗುರುತು ಮಾಡಿದ ಹಾಗೆ ಒಂದೇ ಸಾಲಿನಲ್ಲಿ, ಪಕ್ಕದಲ್ಲಿ ಅಕ್ಕ, ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು, ಎಲ್ಲೋ ಹೊಡ್ಕೊಂಡಿದೆ ಕಣೇ, ಮಷೀನಿನ ಚಕ್ರಕ್ಕೆ ಸಿಕ್ಕಿರಬೇಕು, ಸ್ವಲ್ಪ ಹಿಟ್ಟು ಒತ್ತು, ನಿಲ್ಲುತ್ತೆ, ಹಕ್ಕಿಗೂ ಡಾಕ್ಟರಾ, ನಗ್ತಾರೆ ಜನ. ನಗಲಿ. ಎರಡು ಸಲ ಹಿಟ್ಟು ಒತ್ತಿದ್ದಾಯಿತು, ಎರಡು ಸಲವೂ ಹಿಟ್ಟು ಕೆಂಪಾಯಿತು. ಬುಟ್ಟಿ ಎತ್ತಿಕೊಂಡು ಬಾಗಿಲು ದಾಟುವಾಗ ಅಕ್ಕ ಹಿಂದೆಯೇ ಬಂದಳು, ನಾನೇ ಕರ್ಕೊಂಡು ಹೋಗ್ತೀನಿ ಕೊಡು, ನಿನಗೆ ರಕ್ತ ನೋಡೋಕಾಗಲ್ಲ — ಬೀದಿಯ ತಿರುವಿನವರೆಗೂ ಬಂದಳು, ಅರವತ್ತು ದಾಟಿದವಳು, ಎಡಗಣ್ಣಿಗೆ ಪೊರೆ ಬಂದವಳು, ಬರಿಗಾಲಲ್ಲಿ. ಪಾಪ ಅಕ್ಕ. ಎಷ್ಟು ಪ್ರೀತಿ ಇದರ ಮೇಲೆ.

ಬುಟ್ಟಿಯೊಳಗೇನು, ಎಂದವನು ಎದುರಿನ ಬೆಂಚಿನ ಮುದುಕ, ಮುಖ ಎಲ್ಲೋ ನೋಡಿದ್ದು, ಹಳೇ ಪೋಸ್ಟ್‌ಮ್ಯಾನ್ ಅಲ್ಲವೇ, ಖಾಕಿ ಇಲ್ಲದೆ ಗುರುತೇ ಸಿಗಲಿಲ್ಲ, ಕಾಲ ಬಳಿ ಪಟ್ಟಿ ಕಟ್ಟಿದ ನಾಯಿ, ಮೂವತ್ತು ವರ್ಷ ನಾಯಿಗಳು ನನ್ನ ಅಟ್ಟಾಡಿಸಿದ್ವು ನೋಡಮ್ಮ, ಈಗ ಒಂದನ್ನ ಹೆಗಲ ಮೇಲೆ ಹೊತ್ಕೊಂಡು ಡಾಕ್ಟರ ಹತ್ರ ಬಂದಿದೀನಿ, ಮೇಲಿರೋನಿಗೆ ತಮಾಷೆ ಅಂದ್ರೆ ಇಷ್ಟ. ಗಿಳಿ, ಎಂದಳು ಅವಳು. ಮಾತಾಡುತ್ತಾ? ಮನಸ್ಸು ಬಂದರೆ. ಪುಣ್ಯವಂತೆ ನೀನು, ನಮ್ಮನೇಲಿ ನನ್ನ ಜೊತೆ ಮಾತಾಡೋರೇ ಯಾರೂ ಇಲ್ಲ. ಬುಟ್ಟಿಯೊಳಗಿಂದ ಆಗ ಸರಿಯಾಗಿ ಕಚ್, ಕಚ್, ಕಚ್ — ಮುದುಕ ಕಿವಿ ನಿಮಿರಿಸಿದ, ಅದೇನು, ಕತ್ತರಿನಾ? ಅವಳಿಗೆ ಆ ಗಾಬರಿಯಲ್ಲೂ ಹೆಮ್ಮೆ, ನಮ್ಮದು ಹೊಲಿಗೆ ಮನೆ, ಕತ್ತರಿ ಸದ್ದು ಕಲ್ತುಬಿಟ್ಟಿದೆ, ಹಾಗೆ ಸದ್ದು ಮಾಡಿ ಕತ್ತನ್ನು ಎದೆಯೊಳಗೆ ಸೇರಿಸಿಕೊಂಡು ಕೂರುತ್ತೆ, ನಾಚಿಕೆ ಅದಕ್ಕೆ, ಆಮೇಲೆ ಥೇಟ್ ನಮ್ಮಕ್ಕನ ಗಂಟಲಲ್ಲಿ, ಆಯ್ತು ಕಂದ, ಆಯ್ತು, ಅನ್ನುತ್ತೆ — ಅಂಗಿ ತೊಡಿಸಿ ಗುಂಡುಪಿನ್ ಚುಚ್ಚುವಾಗ ಅಳುವ ಮಕ್ಕಳಿಗೆ ಅಕ್ಕ ಹೇಳುವ ಮಾತು ಅದು. ಹೆಸರು ಗುಂಡಿ. ಕಣ್ಣು ಕಪ್ಪು ಗುಂಡಿಯ ಹಾಗೆ, ಅದೂ ಅಲ್ಲದೆ ಬಂದ ದಿನವೇ ಡಬ್ಬಿಯಿಂದ ಏಳು ಗುಂಡಿ ಕದ್ದು ಕಪಾಟಿನ ಹಿಂದೆ ಹಾಕಿತ್ತು. ಯಾರೋ ಗಿರಾಕಿ, ಎರಡು ತಿಂಗಳಲ್ಲಿ ಬಂದು ತಗೊಂಡು ಹೋಗ್ತೀವಿ ಅಂತ ಪಂಜರ ಸಮೇತ ಬಿಟ್ಟುಹೋದವರು, ಹೋದವರು ಹೋದರು. ಪಂಜರದಲ್ಲಿ ತಂದಿಲ್ಲವಲ್ಲ? ಪಂಜರವೇ ಇಲ್ಲ, ಎಂದಳು, ಹನ್ನೊಂದು ವರ್ಷದಿಂದ ಕಿಟಕಿ ತೆಗೆದೇ ಇರುತ್ತೆ, ಹೋಗಲ್ಲ, ಹಾರುವುದನ್ನೇ ಬಿಟ್ಟಿದೆ, ಮೇಜಿನಿಂದ ಮೇಜಿಗೆ ನೆಗೆಯುತ್ತೆ ಅಷ್ಟೇ, ತಾನಾಗಿ ಇದೆ. ತಾನಾಗಿ — ಎಷ್ಟು ಜನರಿಗೆ ಹೇಳಿದ್ದಾಳೆ ಈ ಮಾತನ್ನು, ಅಳತೆ ಕೊಡಲು ನಿಂತ ಹೆಂಗಸರಿಗೆ, ಪ್ರಾರ್ಥನೆಯ ಮನೆಯ ಮೆಟ್ಟಿಲ ಮೇಲೆ, ಹೇಳಿದಾಗಲೆಲ್ಲ ಬಾಯಿ ಸಿಹಿಯಾಗುತ್ತದೆ. ಅಬ್ಬಾ, ಎಂದ ಮುದುಕ, ಮನುಷ್ಯರೇ ಇರಲ್ಲ ಹಾಗೆ.

ಆ ಕಾಗದ ತಂದವನೂ ಇವನೇ ಇರಬೇಕು, ಹನ್ನೊಂದು ವರ್ಷದ ಕೆಳಗೆ, ಶನಿವಾರ, ಉದ್ದನೆಯ ಲಕೋಟೆ, ಮೂಲೆಯಲ್ಲಿ ಹಡಗಿನ ಚಿತ್ರದ ಮುದ್ರೆ, ಕಡಲ ಊರಿನ ಹೊಲಿಗೆ ಶಾಲೆ, ಕಸೂತಿ ಕಲಿಸಲು ಬನ್ನಿ, ವಾಸಕ್ಕೆ ಕೋಣೆ ಇದೆ, ಕೋಣೆಗೆ ಕಡಲಿನ ಕಡೆ ಕಿಟಕಿ ಇದೆ — ಯಾರೋ ಬರೆದ ಆ ಒಂದು ಸಾಲು, ಬೇಕಿರಲಿಲ್ಲ ಆ ಸಾಲು, ಬರೀ ಕೆಲಸ ಅಂತ ಬರೆದಿದ್ದರೆ ಅವಳು ಎರಡು ಸಲ ಓದುತ್ತಿರಲಿಲ್ಲ. ಅವಳಿಗಾಗ ನಲವತ್ತು, ಕಡಲು ನೋಡಿರಲಿಲ್ಲ, ಈಗಲೂ ನೋಡಿಲ್ಲ. ಅಕ್ಕನಿಗೆ ಓದಿ ಹೇಳಿದಳು, ಅಕ್ಕ ಬಟ್ಟೆಯ ಮೇಲೆ ಗೀಟು ಎಳೆಯುತ್ತಿದ್ದಳು, ಸೀಮೆಸುಣ್ಣದ ಬಿಲ್ಲೆ ಪಟ್ಟನೆ ಮುರಿಯಿತು, ಹೋಗು, ಯಾರು ಬೇಡ ಅಂದ್ರು, ನನ್ನದೇನು, ಕತ್ತರಿಸೋದು ಗೊತ್ತು, ಹೊಲಿಯೋಕೆ ಇನ್ಯಾರನ್ನಾದರೂ ಹುಡುಕ್ತೀನಿ. ಕತ್ತರಿ ಅಕ್ಕನದು, ಸೂಜಿ ಅವಳದು, ಅಪ್ಪ ಅಮ್ಮ ಹೋದಾಗಿನಿಂದ ಹಾಗೇ, ಸೂಜಿಗೆ ದಾರ ಪೋಣಿಸುವುದನ್ನು ಅವಳ ಬೆರಳು ಹಿಡಿದು ಕಲಿಸಿದವಳು ಅಕ್ಕ, ಹೆಣ್ಣು ನೋಡಲು ಬಂದವರನ್ನು ಚಿಕ್ಕವಳು ಇದ್ದಾಳಲ್ಲ ಎಂದು ವಾಪಸು ಕಳಿಸಿದವಳು ಅಕ್ಕ, ಅಂಥವಳನ್ನು ಬಿಟ್ಟು ಹೋಗುವುದೆಂದರೆ — ಬಿಡದೆ ಇರುವುದೆಂದರೆ — ಎದೆಯೊಳಗೆ ಎರಡೂ ಎಳೆದವು, ಹೊಲಿಗೆ ಕಿತ್ತುಬರುವಷ್ಟು, ಕೊನೆಗೆ ಅವಳು ಆ ನಿರ್ಧಾರವನ್ನು ತನ್ನ ಕೈಯಿಂದ ಇಳಿಸಿಬಿಟ್ಟಳು. ನಾಳೆ ಪ್ರಾರ್ಥನೆ ಮುಗಿಸಿ ಬಂದು ಪಂಜರದ ಬಾಗಿಲೂ ಕಿಟಕಿಯೂ ತೆಗೀತೀನಿ ಅಕ್ಕಾ, ಗುಂಡಿ ಹೋದ್ರೆ ನಾನೂ ಹೋಗ್ತೀನಿ, ಅದು ಉಳಿದ್ರೆ ನಾನೂ ಉಳೀತೀನಿ. ಹಕ್ಕಿ ಕೈಲಿ ಬಾಳು ಕೊಡ್ತೀಯಾ, ಹುಚ್ಚಿ, ಹಕ್ಕಿಗೆ ಕೈ ಎಲ್ಲಿದೆ. ಹಕ್ಕಿ ಕೈಲಿ ಅಲ್ಲ ಅಕ್ಕಾ, ದೇವರ ಕೈಲಿ. ಅಕ್ಕ ಅವಳ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು, ಸರಿ, ಎಂದಳು. ಆಗ ಗುಂಡಿ ಹಾರುತ್ತಿತ್ತು, ಪಂಜರದಿಂದ ಬಿಟ್ಟರೆ ಪರದೆಯ ಕೋಲಿಗೆ, ಕೋಲಿನಿಂದ ಮಷೀನಿಗೆ, ಮಷೀನಿನಿಂದ ಅವಳ ತಲೆಗೆ. ಮರುದಿನ ಕಣ್ಣು ಮುಚ್ಚಿ ಎಲ್ಲರ ಜೊತೆ ಕೂತು ಅವಳು ಕೇಳಿದ್ದು ಒಂದೇ, ನಿನ್ನ ಇಷ್ಟ ಯಾವುದೋ ಅದನ್ನು ತೋರಿಸು, ನನಗೆ ಕಾಣುವ ಹಾಗೆ ತೋರಿಸು. ಬಂದು ಕಿಟಕಿ ತೆಗೆದಳು. ಗುಂಡಿ ಕಿಟಕಿಯ ಅಂಚಿಗೆ ಬಂದು ಕೂತಿತು, ಹೊರಗೆ ನೋಡಿತು, ಮರ, ಗಾಳಿ, ಬೇರೆ ಹಕ್ಕಿಗಳ ಕೂಗು, ಒಮ್ಮೆ ರೆಕ್ಕೆ ಬಿಡಿಸಿತು, ಬಿಡಿಸಿದ್ದನ್ನು ಮಡಚಿತು. ಸಂಜೆಯವರೆಗೂ ಕೂತಿತ್ತು. ಆಮೇಲೆ ತಿರುಗಿ, ಒಂದೊಂದೇ ಹೆಜ್ಜೆ ಇಡುತ್ತಾ ಒಳಗೆ ಬಂತು. ಅವಳು ನೆಲದ ಮೇಲೆ ಕೂತು ಅತ್ತಳು, ಆನಂದಕ್ಕೋ ಏನೋ, ಕಡಲು ಹೋಯಿತು ಅಂತಲೋ ಏನೋ, ಆದರೂ ಕೇಳಿದ್ದಕ್ಕೆ ಉತ್ತರ ಬಂದಿತ್ತು, ಎಷ್ಟು ಜನಕ್ಕೆ ಬರುತ್ತದೆ. ಅಕ್ಕ ಅವಳ ತಲೆ ಸವರಿದಳು, ಉಳೀತಲ್ಲ, ಉಳೀತಲ್ಲ, ಸಾಕು ಅಳಬೇಡ. ಶಾಲೆಗೆ ಬರಲಾಗುವುದಿಲ್ಲ ಎಂದು ಬರೆದದ್ದು ಮರುದಿನ. ಪಂಜರವನ್ನು ಗುಜರಿಗೆ ಹಾಕಿದ್ದು ಅದರ ಮರುದಿನ.

ಗಿಳಿಯವರು ಬನ್ನಿ — ಒಳಗೆ ಕರೆದಾಗ ಅವಳಿಗೆ ನಗು ಬಂದುಬಿಟ್ಟಿತು, ಗಿಳಿಯವರು, ಡಾಕ್ಟರು ಚಿಕ್ಕ ವಯಸ್ಸಿನವರು, ದೊಡ್ಡ ಕೈ, ಆ ಕೈ ನೋಡಿ ಭಯವಾಯಿತು, ಆದರೆ ಟವೆಲಿನಲ್ಲಿ ಗುಂಡಿಯನ್ನು ಸುತ್ತಿ ಹಿಡಿದದ್ದು ಹಸುಗೂಸನ್ನು ಎತ್ತಿದ ಹಾಗೆ, ಏನಮ್ಮಾ ಮಹರಾಯ್ತಿ, ಏನು ಮಾಡ್ಕೊಂಡೆ, ಎನ್ನುತ್ತಾ ದೀಪ ಹತ್ತಿರಕ್ಕೆ ಎಳೆದು, ಹೆಬ್ಬೆರಳಿನಿಂದ ಬಲ ರೆಕ್ಕೆಯನ್ನು ಮೆಲ್ಲಗೆ, ಬೀಸಣಿಗೆ ಬಿಡಿಸಿದ ಹಾಗೆ ಬಿಡಿಸಿದರು. ಇದು ನೋಡಿ, ಎಳೆ ಗರಿ, ಇನ್ನೂ ಬೆಳೀತಾ ಇರೋದು, ಇದರ ಕೊಳವೆ ಒಳಗೆ ರಕ್ತ ಇರುತ್ತೆ, ಇದರ ಬುಡಕ್ಕೇ ಕತ್ತರಿ ಬಿದ್ದಿದೆ, ಅದಕ್ಕೇ ನಿಲ್ತಾ ಇಲ್ಲ, ಕಿತ್ತು ಪುಡಿ ಒತ್ತಿದರೆ ನಿಲ್ಲುತ್ತೆ, ಹೆದರಬೇಡಿ — ಕತ್ತರಿ ಅಲ್ಲ ಡಾಕ್ಟ್ರೇ, ಮಷೀನಿನ ಚಕ್ರ. ಡಾಕ್ಟರು ತಲೆಯೆತ್ತದೆ, ಇಲ್ಲಮ್ಮ, ಕತ್ತರಿ, ರೆಕ್ಕೆ ಕತ್ತರಿಸೋರು ಯಾರು ನಿಮ್ಮನೇಲಿ? ಯಾರೂ ಕತ್ತರಿಸಲ್ಲ, ಅದು ತಾನಾಗಿ ಇದೆ. ಅವರು ಈಗ ತಲೆಯೆತ್ತಿದರು, ನಕ್ಕರು, ಬೈಯ್ಯೋಕಲ್ಲ ಕೇಳಿದ್ದು, ಸಾಕೋರು ಎಷ್ಟೋ ಜನ ಕತ್ತರಿಸ್ತಾರೆ, ಇದಂತೂ ಒಳ್ಳೇ ಕೈ, ನನಗೇ ಇಷ್ಟು ನೀಟಾಗಿ ಬರಲ್ಲ, ನೋಡಿ ಇಲ್ಲಿ, ಎಂದು ಗುಂಡಿಯ ರೆಕ್ಕೆಯನ್ನು ಅವಳ ಕಡೆಗೆ ತಿರುಗಿಸಿದರು. ಅಂಚಿನಲ್ಲಿ ಎರಡು ಉದ್ದ ಗರಿ, ಇಡೀ, ಮುಟ್ಟದ್ದು, ತುದಿಯವರೆಗೂ ಹಸಿರು. ಅದರ ಒಳಗೆ, ಸಾಲಾಗಿ, ಎಲ್ಲ ಗರಿಯೂ ಅರ್ಧಕ್ಕೆ, ಒಂದೇ ಓರೆಯ ಗೆರೆಯಲ್ಲಿ. ಹೊರಗಿನ ಎರಡನ್ನ ಬಿಟ್ಟಿದಾರಲ್ಲ, ಮಡಚಿದಾಗ ಗೊತ್ತೇ ಆಗಬಾರದು ಅಂತ, ಎಡ ರೆಕ್ಕೇಲೂ ಹಾಗೇ, ಮತ್ತೆ ಇದರ ಎದೆ ಮುಟ್ಟಿ ನೋಡಿ, ಹಾರೋ ಸ್ನಾಯು ಕರಗಿಹೋಗಿದೆ, ಬಹಳ ವರ್ಷದಿಂದ ಹಾರಿಲ್ಲ ಇದು. ಅವಳು ಮುಟ್ಟಿ ನೋಡಿದಳು. ಗರಿಯ ಕೆಳಗೆ ಎದೆಮೂಳೆ ಚಾಕುವಿನ ಬೆನ್ನಿನ ಹಾಗೆ ಎದ್ದಿತ್ತು. ಗರಿ ಉದುರಿ ಹೊಸದು ಬರಲ್ವಾ, ಎಂದು ಕೇಳಿದ್ದು ಅವಳದೇ ಗಂಟಲು. ವರ್ಷಕ್ಕೊಂದು ಸಲ ಬರುತ್ತೆ, ಬಂದ ಹಾಗೆ ಕತ್ತರಿಸಿದಾರೆ, ಪ್ರತಿ ವರ್ಷ. ಇಕ್ಕಳ ಎತ್ತಿಕೊಂಡರು, ಲೋಹಕ್ಕೆ ಲೋಹ ತಾಗಿದ ಸಣ್ಣ ಸದ್ದು, ಗುಂಡಿ ಕತ್ತನ್ನು ಎದೆಯೊಳಗೆ ಹುದುಗಿಸಿಕೊಂಡು ನಡುಗುತ್ತಾ ಕಚ್, ಕಚ್, ಕಚ್, ಆಮೇಲೆ ಅಕ್ಕನ ಗಂಟಲಲ್ಲಿ, ಆಯ್ತು ಕಂದ, ಆಯ್ತು.

ನಾಚಿಕೆ ಎಂದುಕೊಂಡಿದ್ದಳು. ಬೀದಿಯಲ್ಲಿ ಬಿಸಿಲು, ಚಪ್ಪಲಿ ಅಂಗಡಿ, ಗಡಿಯಾರದಂಗಡಿ, ಯಾರೋ ದೊಡ್ಡ ಟೈಲರಮ್ಮ ಹೇಗಿದ್ದಾರೆ ಎಂದರು, ಚೆನ್ನಾಗಿದ್ದಾರೆ ಎಂದಳು, ಕಾಲು ತಾನಾಗಿ ನಡೆಯುತ್ತಿತ್ತು — ತಾನಾಗಿ, ಛೆ, ಆ ಮಾತು ಇನ್ನು ಬಾಯಿಗೆ ಬಾರದಿರಲಿ. ಎಡಗೈಯವಳಾದ ಅಕ್ಕನ ಕತ್ತರಿಯ ಓರೆ, ಅದನ್ನು ಕಣ್ಣು ಕಟ್ಟಿದರೂ ಬೆರಳಿನಿಂದ ಗುರುತು ಹಿಡಿಯುತ್ತಾಳೆ, ಮೂವತ್ತೈದು ವರ್ಷ ಆ ಓರೆಗೇ ಸೂಜಿ ಹಾಕಿದ್ದಾಳೆ. ಬಟ್ಟೆ ಸಾಲದೆ ಬಂದಾಗ ಅಕ್ಕ ತುಂಡು ಸೇರಿಸುತ್ತಿದ್ದದ್ದು ಯಾವಾಗಲೂ ಮಡಿಕೆಯ ಒಳಗೆ, ತೊಟ್ಟವರಿಗೂ ತಿಳಿಯಬಾರದು, ಅಂಚನ್ನ ಮಾತ್ರ ಮುಟ್ಟಬಾರದು ಕಣೇ, ಅಂಚು ಚೆನ್ನಾಗಿ ಕಂಡರೆ ಯಾರೂ ಒಳಗೆ ನೋಡಲ್ಲ, ಇಬ್ಬರೂ ಸೇರಿ ನಗುತ್ತಿದ್ದರು, ಗಿರಾಕಿಗಳ ಬೆನ್ನ ಹಿಂದೆ, ಬಾಯಿಗೆ ಸೆರಗು ಒತ್ತಿ. ನೀನು ಮೆತ್ತನೆಯವಳು, ಉಗುರು ಕತ್ತರಿಸೋದು, ಮೈ ತೊಳೆಯೋದು ನನಗಿರಲಿ, ನೀನು ಪ್ರಾರ್ಥನೆಗೆ ಹೋಗಿ ಬಾ, ನಮ್ಮಿಬ್ಬರ ಪಾಲಿನದೂ ಕೇಳ್ಕೊಂಡು ಬಾ. ಕೇಳಿಕೊಂಡು ಬಂದಳು. ಚಿಂದಿಯ ಚೀಲದಲ್ಲಿ ಒಮ್ಮೆ ಹಸಿರು ಚೂರುಗಳು ಕಂಡಿದ್ದವು, ಇದ್ಯಾವ ಬಟ್ಟೆ ಅಕ್ಕಾ ಎಂದು ಕೇಳಿಯೂ ಇದ್ದಳು, ಯಾರದೋ ರೇಷ್ಮೆ ಬಿಡು, ಎಂದಳು ಅಕ್ಕ, ಬಿಟ್ಟಳು, ಅಕ್ಕ ಹೇಳಿದ ಮೇಲೆ ಬಿಡದೆ ಇನ್ನೇನು. ಅವಳು ಕಣ್ಣು ಮುಚ್ಚಿ ತೋರಿಸು, ಕಾಣುವ ಹಾಗೆ ತೋರಿಸು ಎನ್ನುತ್ತಿದ್ದ ಅದೇ ಹೊತ್ತಿಗೆ, ಅದೇ ಗಳಿಗೆಗೆ, ಮನೆಯಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಆಯ್ತು ಕಂದ, ಆಯ್ತು. ಹಾಗಾದರೆ ಉತ್ತರ ಕೊಟ್ಟವರು ಯಾರು. ಹನ್ನೊಂದು ವರ್ಷ, ವಾರವಾರ, ತಲೆ ಬಾಗಿಸಿ ಅವಳು ಹೇಳಿದ ಧನ್ಯವಾದವೆಲ್ಲ ಯಾರಿಗೆ ಹೋಗಿ ಸೇರಿತು, ಅವನು ಕೇಳಿಸಿಕೊಂಡು ಸುಮ್ಮನಿದ್ದನೇ, ಪ್ರತಿ ವಾರ, ನಾನು ಮಾಡದ ಉಪಕಾರಕ್ಕೆ ಇವಳು ನನ್ನನ್ನು ಹೊಗಳುತ್ತಾಳಲ್ಲ ಅಂತ, ಸಂಕಟಪಟ್ಟನೇ — ಇಲ್ಲ, ಅವನ ಮೇಲೆ ಹೊರಿಸುವುದು ಬೇಡ, ಅವನು ಮೋಸ ಮಾಡಲಿಲ್ಲ, ಅವನು ಕೊಟ್ಟದ್ದು ಆ ಇಡೀ ರೆಕ್ಕೆ, ಹಾರಲೆಂದೇ ಕೊಟ್ಟದ್ದು. ಬುಟ್ಟಿ ಈಗ ಭಾರ. ಡಾಕ್ಟರು ಬಾಗಿಲವರೆಗೂ ಬಂದು ಹೇಳಿದ್ದರು, ಇನ್ನು ಕತ್ತರಿಸಬೇಡಿ, ಬರೋ ವರ್ಷದೊಳಗೆ ಎಲ್ಲ ಗರೀನೂ ಬರುತ್ತೆ. ಹಾರೋದು ಮರೆತಿರಲ್ವಾ? ಮೊದಮೊದಲು ಬೀಳುತ್ತೆ, ಬೀಳೋಕೆ ಬಿಡಿ, ಆಮೇಲೆ ಬಂದರೂ ಬರಬಹುದು. ಬಂದರೂ ಬರಬಹುದು. ಅದಕ್ಕೆ ಹದಿಮೂರು ವರ್ಷ, ಅವಳಿಗೆ ಐವತ್ತೊಂದು.

ಬಾಗಿಲಲ್ಲೇ ನಿಂತಿದ್ದಳು ಅಕ್ಕ, ಕೊರಳಲ್ಲಿ ಅಳತೆ ಪಟ್ಟಿ, ಮೇಜಿನ ಮೇಲಿನ ಬಿಳಿ ಬಟ್ಟೆ ಆಗಲೇ ಒಗೆದು ಹಗ್ಗದ ಮೇಲೆ, ಏನಂದ್ರು, ನಿಂತಿತಾ, ಕೊಡು ಇಲ್ಲಿ, ಕೊಡು, ಎಂದು ಎರಡೂ ಕೈ ಚಾಚಿದಳು, ಬುಟ್ಟಿಯೊಳಗೆ ಗುಂಡಿ ಸರಸರನೆ ಆಚೆ ಬದಿಗೆ ಸರಿದದ್ದು ಅವಳ ಅಂಗೈಗೆ ತಿಳಿಯಿತು — ಯಾವಾಗಲೂ ಹೀಗೇ ಸರಿಯುತ್ತಿತ್ತೇನೋ, ಅಂಗೈಗೆ ತಿಳಿದದ್ದು ಇವತ್ತು. ಕೊಡಲಿಲ್ಲ. ಒಳಗೆ ಹೋಗಿ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಬುಟ್ಟಿ ಹಿಡಿದೇ ಕೂತಳು, ಅಕ್ಕ ಹಿಂದೆ ಬಂದಳು, ನಿಂತಳು, ಅವಳ ಮುಖ ನೋಡಿದಳು, ಒಂದು ಕಣ್ಣು ಸರಿಯಾಗಿ ಕಾಣದಿದ್ದರೇನು, ತಂಗಿಯ ಮುಖ ಓದಲು ಅಕ್ಕನಿಗೆ ಅರ್ಧ ಕಣ್ಣು ಸಾಕು, ಅಳತೆ ಪಟ್ಟಿಯನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತತೊಡಗಿದಳು. ಇವತ್ತು ಕೈ ತಪ್ಪಿತು ಕಣೇ, ಎಂದಳು ಕೊನೆಗೆ, ಸಣ್ಣ ದನಿಯಲ್ಲಿ, ಎಳೆ ಗರಿ ಯಾವುದು ಬಲಿತದ್ದು ಯಾವುದು ಗೊತ್ತಾಗ್ಲಿಲ್ಲ, ಕಣ್ಣು ಮಂಜು, ಇಷ್ಟು ವರ್ಷದಲ್ಲಿ ಒಂದು ಸಲಾನೂ ತಪ್ಪಿರಲಿಲ್ಲ, ಒಂದು ಹನಿ ಬಂದಿರಲಿಲ್ಲ, ಬೇಕಾದ್ರೆ ಅದನ್ನೇ ಕೇಳು. ಅದನ್ನೇ ಕೇಳು. ಅಕ್ಕ ತಪ್ಪು ಒಪ್ಪಿಕೊಂಡಳು, ಕೈ ತಪ್ಪಿದ್ದು ಒಂದೇ ತಪ್ಪು ಎನ್ನುವ ಹಾಗೆ ಒಪ್ಪಿಕೊಂಡಳು, ಕಣ್ಣಲ್ಲಿ ನೀರೂ ಬಂತು, ಸುಳ್ಳು ನೀರಲ್ಲ, ನಿಜವಾದ ನೀರು, ಅದೇ ಕಷ್ಟ. ಏನೆಲ್ಲ ಕೇಳಬೇಕೆಂದು ಬೀದಿಯುದ್ದ ಜೋಡಿಸಿಕೊಂಡು ಬಂದಿದ್ದಳು, ಕಡಲ ಕಡೆಯ ಕಿಟಕಿ, ಆ ಭಾನುವಾರ, ಉಳೀತಲ್ಲ ಉಳೀತಲ್ಲ ಎಂದು ತಲೆ ಸವರಿದ ಆ ಕೈ, ದೇವರ ಹೆಸರು, ಒಂದೂ ಬಾಯಿಗೆ ಬರಲಿಲ್ಲ, ಬಂದದ್ದು ಇನ್ನೊಂದೇ, ಅಕ್ಕಾ, ಅಂಚಿನ ಎರಡು ಯಾಕೆ ಬಿಟ್ಟೆ. ಅಳತೆ ಪಟ್ಟಿ ಸುತ್ತುವುದು ನಿಂತಿತು. ನೋಡೋಕೆ ಚೆನ್ನಾಗಿರಲಿ ಅಂತ, ಎಂದಳು ಅಕ್ಕ, ನೀನು ನೋಡ್ತಿದ್ಯಲ್ಲ, ದಿನಾ ನೋಡ್ತಿದ್ಯಲ್ಲ, ನಿನ್ನ ಕಣ್ಣಿಗೆ ಇಡೀ ಕಾಣಲಿ ಅಂತ. ಕಾಣುವ ಹಾಗೆ ತೋರಿಸು — ಅವಳು ಬುಟ್ಟಿಯ ಮುಚ್ಚಳ ತೆರೆದಳು, ಗುಂಡಿ ಹತ್ತಿ ಬಂದು ಅಂಚಿನ ಮೇಲೆ ಕೂತಿತು, ತೆರೆದ ಕಿಟಕಿಯ ಕಡೆ ನೋಡಿತು, ರೆಕ್ಕೆ ಬಿಡಿಸಿತು, ಬೆಳಕು ಅದರೊಳಗಿಂದ ತೂರಿ ಬಂತು, ಅಂಚಿನಲ್ಲಿ ಎರಡು ಉದ್ದ ಗರಿ, ಒಳಗೆ ಓರೆಯ ಗೆರೆ, ಮಡಚಿತು, ಎಷ್ಟು ಚೆಂದ, ಏನೂ ಗೊತ್ತಾಗುವುದಿಲ್ಲ, ಮತ್ತೆ ಬಿಡಿಸಿತು, ಎರಡು ಉದ್ದ ಗರಿ, ಒಳಗೆ ಗೆರೆ, ಎರಡು ಗರಿ, ಎರಡು ಗರಿ